ಊಟದ ಮೇಜಿನ ಮೇಲೆ ಸುರಿದ ಮಾತ್ರೆಗಳು

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಬಂದರಿನ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ ಇನ್ನೂ ಹಾಗೇ ಇದೆಯಾ? ನಮ್ಮ ಸುದ್ದಿ ಹೇಳುತ್ತೇನೆ, ಮೊದಲು ಉಸಿರು ಬಿಡು. ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಊಟಕ್ಕೆ ಉಪ್ಪು ಸಾಲದು ಎಂದು ಅಮ್ಮನ ಮೇಲೆ ಹರಿಹಾಯುವಷ್ಟು ಚೇತರಿಸಿಕೊಂಡಿದ್ದಾರೆ. ಅವರ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸುರಿದದ್ದು ನೋವಿನ ಮಾತ್ರೆಯಿಂದ. ನೀನು ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದೆಯಲ್ಲ, 'ನಾವೆಲ್ಲ ಇದನ್ನೇ ನುಂಗಿ ದುಡಿಯೋದು ಅಪ್ಪಾ' ಎಂದು ಚೀಟಿ ಬರೆದು, ಆ ಕೆಂಪು ಮಾತ್ರೆಯೂ ಅದರಲ್ಲಿ ಸೇರಿದೆ. ನಿನ್ನನ್ನು ಬೈಯಲು ಬರೆಯುತ್ತಿಲ್ಲ. ಬೈಯಬೇಕಾದವರು ಬೇರೆ ಇದ್ದಾರೆ.

ಲಾಂಡ್ರಿಯಲ್ಲಿ ಅಪ್ಪ ದಿನವಿಡೀ ಇಸ್ತ್ರಿ ಯಂತ್ರದ ಮುಂದೆ ನಿಲ್ಲುತ್ತಾರೆ, ನಾನು ಮಡಚುವ ಮೇಜಿನ ಮುಂದೆ. ಮೇಲ್ವಿಚಾರಕನ ಕೋಣೆಯ ಬಾಗಿಲಲ್ಲಿ ಬಿಳಿ ಮಾತ್ರೆಯ ಡಬ್ಬಿ ಇಟ್ಟಿದ್ದಾರೆ. ಯಾರು ಬೇಕಾದರೂ ಕೈ ಹಾಕಬಹುದು, ಕೇಳುವವರಿಲ್ಲ. ಕೂರಲು ಒಂದು ಸ್ಟೂಲು ಕೊಡಿ ಎಂದರೆ 'ಕೆಲಸ ಕೆಡುತ್ತೆ' ಎನ್ನುವ ಧಣಿಗಳು ಮಾತ್ರೆಯ ವಿಷಯದಲ್ಲಿ ದಾನಶೂರರು. ಅಪ್ಪ ಬೆಳಿಗ್ಗೆ ನಿನ್ನ ಕೆಂಪು ನುಂಗಿ, ಮಧ್ಯಾಹ್ನ ಅವರ ಬಿಳಿ ನುಂಗಿದರು, ಅದೂ ಬರಿಹೊಟ್ಟೆಯಲ್ಲಿ. ಬಣ್ಣ ಬೇರೆ, ಹೆಸರು ಬೇರೆ, ಒಳಗಿನ ಮದ್ದು ಒಂದೇ ಎಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿದರು. ಅಪ್ಪ ಯಂತ್ರದ ಮುಂದೆಯೇ ಕುಸಿದಿದ್ದರು ಅಣ್ಣಾ. ಆಸ್ಪತ್ರೆಯಲ್ಲಿ ಮಂಚದ ಪಕ್ಕದ ಚೀಲದಿಂದ ಯಾರದೋ ರಕ್ತ ಹನಿಹನಿಯಾಗಿ ಅವರ ಕೈಗೆ ಇಳಿಯುವುದನ್ನು ನೋಡುತ್ತಾ ಕೂತೆ. ಯಾರು ಕೊಟ್ಟರೋ. ನಮ್ಮ ಹಾಗೆಯೇ ಬಸ್ಸಿಗೆ ಕಾಯುವವರು ಇರಬಹುದು, ತೋಳು ಚಾಚಿ ಕೊಟ್ಟು ಕೆಲಸಕ್ಕೆ ಹೋಗಿರಬಹುದು. ಬೂದಿಯಂತಿದ್ದ ಅಪ್ಪನ ತುಟಿಗೆ ಮೆಲ್ಲಗೆ ಬಣ್ಣ ಬಂತು. ಲಾಂಡ್ರಿಯ ಗೇಟಿನ ಮುಂದೆ ಸಂಘದ ಘೋಷಣೆ ಕೂಗಿ ಗಂಟಲು ಹರಿದುಕೊಂಡ ನಾನು ಅವರ ಕಾಲಿಗೆ ಹೊದಿಕೆ ಎಳೆದೆ.

ಮನೆಯ ಔಷಧಿಯೆಲ್ಲ ಒಂದೇ ಕಡೆ ಇರಬೇಕು, ಯಾರು ಏನು ನುಂಗುತ್ತಾರೆಂದು ಎಲ್ಲರಿಗೂ ಗೊತ್ತಿರಬೇಕು ಎಂದರು ಡಾಕ್ಟರಮ್ಮ. ನಡುಮನೆಯ ಗೋಡೆಬೀರು ಖಾಲಿ ಮಾಡಿದೆ. ಬಚ್ಚಲಮನೆ ಬೇಡ, ಹಬೆಗೆ ಮಾತ್ರೆ ಕೆಡುತ್ತದೆ. ಒಲೆಯ ಮೇಲಿನ ಗೂಡೂ ಬೇಡ. ಎಲ್ಲರೂ ಅವರವರದನ್ನು ತಂದು ಊಟದ ಮೇಜಿನ ಮೇಲಿಡಿ ಎಂದೆ. ಮೊದಲಿಗೆ ಬಂದದ್ದು ನೋವಿನ ಮುಲಾಮು ಒಂದೇ. ಅತ್ತೆ, ಅಪ್ಪನಿಗೆ ತಕ್ಕ ಅಕ್ಕ, ಅಂದಳು, 'ನಂಗೇನಾಗಿದೆ ದಾಡಿ, ನಿಮ್ಮನ್ನೆಲ್ಲ ಸಾಗಹಾಕಿ ಆಮೇಲೆ ಹೋಗೋಳು ನಾನು.' ಸರಿ, ನಾನೇ ಮೊದಲು ಸಂಘದ ಚೀಲ ಮಗುಚಿದೆ. ಕರಪತ್ರಗಳ ನಡುವಿನಿಂದ ಬೆನ್ನುನೋವಿನ ಮಾತ್ರೆ, ಎದೆಯುರಿಯ ಮಾತ್ರೆ ಉದುರಿದವು. ಅಮ್ಮ ಒಳಗೆ ಹೋಗಿ ಬಟ್ಟೆಯ ಮಡಿಕೆಯಿಂದ ರಕ್ತದೊತ್ತಡದ ಮಾತ್ರೆ ತಂದಿಟ್ಟಳು. ಆಮೇಲೆ ಅತ್ತೆ, ಹೊಲಿಗೆ ಯಂತ್ರದ ಡ್ರಾಯರಿನಿಂದ ಒಣಗಿಹೋದ ಕಣ್ಣಿನ ಹನಿ, ಮಣಿಕಟ್ಟಿಗೆ ಸುತ್ತುವ ಪಟ್ಟಿ. ಅಪ್ಪನದು ರೇಡಿಯೋದ ಹಿಂದೆ, ಮಳೆಕೋಟಿನ ಜೇಬಿನಲ್ಲಿ, ಹಳೆಯ ಬೂಟಿನೊಳಗೆ. ಮೇಜು ತುಂಬಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಇಷ್ಟು ನೋವು ಇದೇ ಮನೆಯೊಳಗೆ ಸದ್ದಿಲ್ಲದೆ ಓಡಾಡಿಕೊಂಡು, ಅಡುಗೆ ಮಾಡಿ, ಬಟ್ಟೆ ಹೊಲಿದು, ನಮ್ಮನ್ನು ಓದಿಸಿ, ನಗುತ್ತಾ ಇತ್ತಲ್ಲ. ಗುಡಿಗೋಪುರಕ್ಕೆ ಕೈಮುಗಿದವಳಲ್ಲ ನಾನು. ಆ ಮೇಜಿನ ಮುಂದೆ ಎದ್ದು ನಿಂತೆ.

ಔಷಧಿ ಅಂಗಡಿಯಾಕೆ ಅವಧಿ ಮೀರಿದ್ದನ್ನೆಲ್ಲ ವಾಪಸು ಇಟ್ಟುಕೊಂಡಳು. ಈಗ ಬೀರುವಿನಲ್ಲಿ ಜ್ವರಕ್ಕೂ ನೋವಿಗೂ ಒಂದೇ ಬಗೆಯ ಮಾತ್ರೆ ಇದೆ, ಅಪ್ಪನ ಹೊಟ್ಟೆಗೆ ಒಗ್ಗುತ್ತದೆಂದು ಡಾಕ್ಟರಮ್ಮ ಒಪ್ಪಿದ್ದು. ಥರ್ಮಾಮೀಟರು, ಗಾಯ ಕಟ್ಟುವ ಬಟ್ಟೆ, ಅಂಟುಪಟ್ಟಿ, ಭೇದಿಯಾದರೆ ನೀರಿಗೆ ಕದಡುವ ಉಪ್ಪಿನ ಪುಡಿ, ಅತ್ತೆಯ ಸೀನಿಗೆ ಅಲರ್ಜಿ ಮಾತ್ರೆ, ನಮ್ಮ ಲಾಂಡ್ರಿಯವರ ಕೈಗೆ ಸುಟ್ಟಗಾಯದ ಮುಲಾಮು. ಡಾಕ್ಟರು ಬರೆದುಕೊಟ್ಟದ್ದು ಅವರವರ ಹೆಸರಿನ ಡಬ್ಬಿಯಲ್ಲಿ. ಒತ್ತಡ ಅಳೆಯುವ ಯಂತ್ರವೂ ಬಂತು. ಅಪ್ಪನ ತೋಳಿಗೆ ಪಟ್ಟಿ ಸುತ್ತಿದಾಗ ಅದು ಉಬ್ಬಿ, ನಿಂತು, ಅವರ ನಾಡಿಗೆ ತಕ್ಕಂತೆ ಮಿಣುಕುತ್ತಾ ಇಳಿಯಿತು. ಆಸ್ಪತ್ರೆ ಸೇರುವುದು ತಡವಾಗಿದ್ದರೆ ಆ ನಾಡಿ ನಿಂತೇಹೋಗುತ್ತಿತ್ತು ಅಣ್ಣಾ. ಅಮ್ಮ ಆ ಬೆಳಕನ್ನೇ ನೋಡುತ್ತಿದ್ದಳು. ಅತ್ತೆ ಮಾತ್ರ, 'ನನ್ನದನ್ನ ಅಳೀಬೇಡ್ರಪ್ಪ, ಯಂತ್ರ ಸಿಡಿದೀತು' ಎಂದಳು.

ನಾಳೆ ಆ ಬಿಳಿ ಮಾತ್ರೆಯ ಡಬ್ಬಿಯನ್ನು ಧಣಿಯ ಮೇಜಿನ ಮೇಲೆ ಸುರಿಯುತ್ತೇವೆ, ಸಂಘದವರೆಲ್ಲ. ನಮಗೆ ಬೇಕಿರುವುದು ಮಾತ್ರೆಯಲ್ಲ, ಸ್ಟೂಲು, ನಡುವೆ ಬಿಡುವು. ದುಡಿಯುವ ಮೈ ನೋಯುತ್ತದೆ ಎಂದು ಅವರು ಮೊದಲು ಒಪ್ಪಲಿ.

ಅಮ್ಮ ನಿನ್ನ ತಲೆ ಸವರಿದ್ದಾಳೆಂದು ತಿಳಿದುಕೋ. ಅತ್ತೆ ನಿನಗೊಂದು ಅಂಗಿ ಹೊಲಿದಿದ್ದಾಳೆ, ಈ ಸಲವೂ ತೋಳು ಉದ್ದ. ಮೈ ಕಡೆ ಗಮನವಿರಲಿ.

ನಿನ್ನ ತಂಗಿ,
ಬಾಯಿಬಡುಕಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದು ಎದುರಿಗೆ ಕೂತು 'ಬರಿ' ಎಂದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: 'ನನ್ನ ಎಡಮಂಡಿ ನೋಯುತ್ತೆ. ಸೊಂಟ ನೋಯುತ್ತೆ. ಬೆಳಿಗ್ಗೆ ಎದ್ರೆ ಬೆರಳು ಮಡಚಕ್ಕಾಗಲ್ಲ.' ಈ ಬಾಯಲ್ಲಿ ಇಂಥ ಮಾತು ನಾವು ಯಾವತ್ತು ಕೇಳಿದ್ದೇವೆ? ಅಮ್ಮ ಕೈಯಲ್ಲಿದ್ದ ಪಾತ್ರೆ ಇಟ್ಟು ಬಂದು ನಿಂತಳು. ಆಮೇಲೆ ಅಪ್ಪ ಅಂದರು: 'ನಾನು ಹೇಳಿದೀನಿ. ಈಗ ಅವನು ಹೇಳಲಿ. ಆ ಕೆಂಪು ಮಾತ್ರೆ ಅವನು ಯಾವ ನೋವಿಗೆ ನುಂಗ್ತಿದಾನೆ, ಕೇಳು.' ಅದನ್ನು ನುಂಗುವುದು ನಿಲ್ಲಿಸಿ ಡಾಕ್ಟರಿಗೆ ತೋರಿಸು ಅಣ್ಣಾ. ಎಲ್ಲಿ ನೋಯುತ್ತದೆ ಎಂದು ಬರಿ. ಈ ಕಾಗದವನ್ನು ಅಪ್ಪ ತಾವೇ ಅಂಚೆಗೆ ಹಾಕುತ್ತಾರಂತೆ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ.