ವಿಮಾನ ಬಿದ್ದ ದಿನದ ಇಳಿತ

ಕಾಗಾಲ, ಕುಮಟಾ ತಾಲೂಕು
೯ ನವೆಂಬರ್ ೨೦೨೫

ಪ್ರೀತಿಯ ತಮ್ಮ ಗಿರೀಶನಿಗೆ,

‘ಪ್ರೀತಿಯ’ ಎಂದು ಬರೆಯುವುದು ಕೈಗೆ ರೂಢಿಯಾಗಿದೆ, ಅದಕ್ಕೇ ಬರೆದೆ. ಹೆಚ್ಚು ಹಿಗ್ಗಬೇಡ. ಜಯಶ್ರೀಯ ಬಿ.ಪಿ. ಈಗ ಹೇಗಿದೆ? ನಾಶಿಕದ ಚಳಿಗೆ ನಿನ್ನ ಮಂಡಿ ಹಿಡಿದುಕೊಳ್ಳುತ್ತದೆ, ಮಲಗುವಾಗ ಎಣ್ಣೆ ಹಚ್ಚಿಕೋ. ನನಗೆ ಸಿಟ್ಟಿರುವುದು ನಿನ್ನ ಮೇಲೆ, ನಿನ್ನ ಮಂಡಿಯ ಮೇಲಲ್ಲ. ಇಲ್ಲಿ ನಾವು ಉಣ್ಣುತ್ತಿದ್ದೇವೆ, ಉಸಿರಾಡುತ್ತಿದ್ದೇವೆ. ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದರೆ, ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಆ ತೊಂದರೆ ಇಲ್ಲ.

ನಿನ್ನ ಪುಸ್ತಕದ ಕರಡನ್ನು ಎರಡು ಸಲ ಓದಿದೆ. ವಿಮಾನದಳದಲ್ಲಿ ಮೂವತ್ತು ವರ್ಷ ರಿವೆಟ್ ಹೊಡೆದವನು ಬರೆಯುತ್ತಾನೆ ಎಂದರೆ ಒಣ ಲೆಕ್ಕ ಇರುತ್ತದೆ ಅಂದುಕೊಂಡಿದ್ದೆ. ಆದರೆ ಮೊದಲ ಮೂವತ್ತು ಪುಟ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಎರಡೇ ಆಸನದ ಆ ಪುಟ್ಟ ವಿಮಾನ ಕಟ್ಟಿಗೆ ಪೆಟ್ಟಿಗೆಯಲ್ಲಿ ತುಂಡು ತುಂಡಾಗಿ ಮುಂಬೈ ಬಂದರಿಗೆ ಬಂದದ್ದು, ಅಲ್ಲಿ ಜೋಡಿಸಿ ಬರ್ಮಾದ ಗಡಿಗೆ ಕಳಿಸಿದ್ದು, ಬಾಂಬು ಬಂದೂಕು ಒಂದೂ ಇಲ್ಲದೆ ಕಾಗದ, ನಕಾಶೆ, ಗಾಯಾಳುಗಳನ್ನು ಹೊತ್ತು ತಿರುಗಿದ್ದು, ಬಿದಿರುಮೆಳೆಗೆ ತಾಗಿ ಹರಿದ ರೆಕ್ಕೆಯ ಬಟ್ಟೆಗೆ ತೇಪೆ ಹಾಕಿಸಿಕೊಂಡದ್ದು. ಒಂದು ಮನೆಯ ಸೊಸೆಯನ್ನು ನಾಲ್ಕು ಮನೆಯವರು ದುಡಿಸಿಕೊಂಡ ಹಾಗೆ ನಾಲ್ಕು ದಳದವರು ಅದನ್ನು ದುಡಿಸಿಕೊಂಡರು. ಕೊನೆಗೆ ಪುಣೆಯಿಂದ ಕೊಚ್ಚಿಗೆ ಟಪಾಲು ಒಯ್ಯುವ ಕೆಲಸಕ್ಕೆ ಹಚ್ಚಿದರು. ೧೯೪೪ರ ಸೆಪ್ಟೆಂಬರ್ ೩ರಂದು, ಬೆಳಿಗ್ಗೆ ಹನ್ನೊಂದಕ್ಕೆ, ಮಳೆಮೋಡದ ಅಡಿಯಲ್ಲಿ ಕಡಲ ದಂಡೆ ಹಿಡಿದು ಬರುವಾಗ ಎಂಜಿನ್ ನಿಂತಿತು. ಇಪ್ಪತ್ತೆರಡು ವರ್ಷದ ಪೈಲಟ್ ಉಪ್ಪುನೀರು ನುಗ್ಗದಂತೆ ಕಟ್ಟೆ ಹಾಕಿದ ನಮ್ಮ ಹಸಿರು ಗಜನಿ ಗದ್ದೆಯನ್ನು ಹುಲ್ಲುಗಾವಲು ಅಂದುಕೊಂಡು ಇಳಿಸಲು ಹೋಗಿ, ಕಟ್ಟೆಯ ಆಚೆ ಅಘನಾಶಿನಿ ಹೊಳೆಗೆ ಬಿದ್ದ. ಇಲ್ಲಿಯವರೆಗೆ ನಿನ್ನನ್ನು ಮೆಚ್ಚಿದೆ.

ಮೂವತ್ತೊಂದನೆಯ ಪುಟಕ್ಕೆ ಬರೋಣ. ಬ್ರಿಟಿಷ್ ಅಧಿಕಾರಿಯ ವರದಿ ಎಂದು ನೀನು ಕನ್ನಡಕ್ಕೆ ಇಳಿಸಿದ್ದೀಯ: ‘ಪೈಲಟ್ ರೆಕ್ಕೆ ಹಿಡಿದು ಮುಕ್ಕಾಲು ಗಂಟೆ ಕೂಗುತ್ತಿದ್ದ. ದಾಸ ಎಂಬ ದೋಣಿಗಾರ ನೂರು ಗಜ ದೂರದ ಕಟ್ಟೆಯ ಮೇಲೆ ನಿಂತಿದ್ದರೂ ದೋಣಿ ಬಿಚ್ಚಲು ನಿರಾಕರಿಸಿದ.’ ಆ ದಾಸ ಯಾರು ಎಂದು ನಿನಗೆ ಗೊತ್ತಿಲ್ಲವೇ? ನನ್ನ ಮಾವ. ನನ್ನ ಮದುವೆಯಲ್ಲಿ ಹದಿನಾರು ವರ್ಷದ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿಸಿದವರು. ಅವರ ಹೆಸರನ್ನು ನೀನು ಅಕ್ಟೋಬರ್ ಎರಡರಂದು, ಗಾಂಧಿ ಜಯಂತಿಯ ದಿನ, ಶಾಲೆಯ ಮೈಕಿನಲ್ಲಿ ಊರಿಗೆಲ್ಲ ಓದಿ, ಮರುದಿನ ರೈಲು ಹತ್ತಿದೆ. ಇಲ್ಲಿ ಉಳಿದವರು ನಾವು. ಮೀನು ತರಲು ಹೋದರೆ ಮಾರುವ ಸರೋಜಾ ಬುಟ್ಟಿ ಇಳಿಸುವ ಮೊದಲೇ, “ಎಂತಾ ಕುಸುಮಕ್ಕ, ನಿಮ್ಮ ಮಾವ ದೋಣಿ ಕಟ್ಕಂಡು ಕೂತಿದ್ನಂತೆ, ಹೌದಾ?” ಎಂದು ಕೇಳಿದಳು. ನಾನು ಮೀನು ಬಿಟ್ಟು ಬಂದೆ. ನಿನ್ನ ಭಾವ ಚಾದಂಗಡಿಗೆ ಹೋಗುವುದನ್ನೇ ನಿಲ್ಲಿಸಿದ್ದಾರೆ. ತಂದೆಯ ಫೋಟೋದ ಎದುರು ಕೂತವರು ಕೂತೇ ಇರುತ್ತಾರೆ.

ಈ ಕಥೆಯನ್ನು ನಾನು ಮಾವನ ಬಾಯಿಂದಲೇ ಕೇಳಿದವಳು. “ಇಳತ ಇತ್ತು ಮಗಾ, ಎಂತ ಮಾಡೂದು?” ಎನ್ನುತ್ತಿದ್ದರು. ಇಳಿತದಲ್ಲಿ ಕಟ್ಟೆಗೂ ಹೊಳೆಯ ನಡುವಿನ ಹರಿವಿಗೂ ಮಧ್ಯೆ ನೀರಿರುವುದಿಲ್ಲ, ಬರೀ ಕೆಸರು. ದೋಣಿ ಅಲುಗುವುದಿಲ್ಲ, ಮನುಷ್ಯ ಕಾಲಿಟ್ಟರೆ ಎದೆಮಟ್ಟ ಹುಗಿಯುತ್ತಾನೆ. ನೀರು ಏರಿದ ಮೇಲೆ ಮಾವ ಹೋಗಿ ಆ ಹುಡುಗನ ಹೆಣವನ್ನು ದೋಣಿಯಲ್ಲಿ ತಂದರು. ನಲವತ್ತು ವರ್ಷದಿಂದ ಈ ಊರಿನ ಮಕ್ಕಳಿಗೆಲ್ಲ ನಾನು ಹೇಳಿಕೊಂಡು ಬಂದದ್ದು ಇದೇ. ಮಾವನಿಗೆ ಬ್ರಿಟಿಷರ ಮೇಲೆ ಹಗೆ ಇತ್ತು, ಅದನ್ನು ಯಾರೂ ಮುಚ್ಚಿಟ್ಟಿಲ್ಲ. ನಲವತ್ತೆರಡರ ಚಳವಳಿಯಲ್ಲಿ ಅವರ ತಮ್ಮ ಗಣಪನನ್ನು ಜೈಲಿಗೆ ಒಯ್ದು, ಮೂರನೇ ತಿಂಗಳಿಗೆ ಹೆಣವಾಗಿ ಕೊಟ್ಟಿದ್ದರು. ಆದರೆ ಹಗೆ ಬೇರೆ, ಸಾಯುವವನನ್ನು ನೋಡುತ್ತ ನಿಲ್ಲುವುದು ಬೇರೆ. ಅಂಥ ಮನೆಗೆ ನಮ್ಮ ಅಪ್ಪ ನನ್ನನ್ನು ಕೊಡಲಿಲ್ಲ.

ನಿನಗೆ ಹೊಳೆ ಗೊತ್ತಿಲ್ಲ. ಘಟ್ಟದ ಬುಡದ ನಮ್ಮ ತವರಿನಲ್ಲಿ ಹೊಳೆ ಒಂದೇ ದಿಕ್ಕಿಗೆ ಹರಿಯುತ್ತದೆ. ಇಲ್ಲಿ ದಿನಕ್ಕೆ ನಾಲ್ಕು ಸಲ ಮನಸ್ಸು ಬದಲಿಸುತ್ತದೆ. ಆ ಸಾಹೇಬನಿಗೂ ಗೊತ್ತಿರಲಿಲ್ಲ, ಕುರ್ಚಿಯಲ್ಲಿ ಕೂತು ಬರೆದ. ಅವನು ಬರೆದದ್ದನ್ನು ನೀನು ದೇವರ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡೆ. ಅಕ್ಕನನ್ನು ಒಂದು ಮಾತು ಕೇಳಲಿಲ್ಲ. ಇಲ್ಲಿಯ ಹೊಳೆ ದಂಡೆಯವರಿಗೆ ತಿಥಿ ಹೇಳಿದರೆ ಸಾಕು, ನೀರಿನ ಹೊತ್ತು ಹೇಳುತ್ತಾರೆ. ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಹಗಲು ಹನ್ನೊಂದಕ್ಕೆ ತುಂಬು ಉಬ್ಬರ. ಅಷ್ಟಮಿ, ನವಮಿಗೆ ಅದೇ ಹೊತ್ತಿಗೆ ಇಳಿತ. ತಾರೀಖು ನಿನ್ನ ವರದಿಯಲ್ಲೇ ಇದೆ. ಮೊಮ್ಮಗಳು ರೂಪಾ ಫೋನಿನಲ್ಲೇ ತಿಥಿ ನೋಡುತ್ತೇನೆ ಎಂದಳು. ನಾನು ಬಿಡಲಿಲ್ಲ. ಕುಮಟೆಯ ವೆಂಕಟ್ರಮಣ ಭಟ್ಟರ ಮನೆಯಲ್ಲಿ ಅವರ ಅಜ್ಜನ ಕಾಲದ ಪಂಚಾಂಗಗಳಿವೆ. ಆ ವರ್ಷದ್ದನ್ನು ನೋಡಿ ಬರೆದುಕೊಂಡು ಬಾ ಎಂದು ಬೆಳಗಿನ ಬಸ್ಸಿಗೆ ಕಳಿಸಿದ್ದೇನೆ. ಅವಳು ಬಂದ ಕೂಡಲೇ ತಿಥಿಯನ್ನು ಕೆಳಗೆ ಬರೆಯುತ್ತೇನೆ. ಓದಿ ನಾಚಿಕೊಂಡು, ಪುಸ್ತಕ ಅಚ್ಚಿಗೆ ಹೋಗುವ ಮೊದಲು ಆ ಸಾಲು ತೆಗೆ. ತೆಗೆಯದಿದ್ದರೆ ನನ್ನ ಮನೆಯ ಮೆಟ್ಟಿಲು ಹತ್ತಬೇಡ. ಬಿಡುಗಡೆಗೆ ಬಂದರೆ ಕುಮಟೆಯಲ್ಲಿ ಲಾಡ್ಜು ಬೇಕಾದಷ್ಟಿವೆ.

ಜಯಶ್ರೀಗೆ ನನ್ನ ಆಶೀರ್ವಾದ, ಪೂರ್ತಿ. ನಿನಗೆ ಸದ್ಯಕ್ಕೆ ಅರ್ಧ.

ನಿನ್ನ ಅಕ್ಕ,
ಕುಸುಮಾ

ತಾ.ಕ.: ರೂಪಾ ಬಂದಳು. ಆ ದಿನ ಹುಣ್ಣಿಮೆಯ ಮರುದಿನ. ಭಟ್ಟರಿಗೆ ಫೋನ್ ಮಾಡಿ ಇನ್ನೊಮ್ಮೆ ಓದಿಸಿದೆ, ಅದೇ. ಹನ್ನೊಂದಕ್ಕೆ ನೀರು ಕಟ್ಟೆಯ ಕಂಠದವರೆಗೆ ಇದ್ದಿರಬೇಕು, ದೋಣಿ ತೇಲುತ್ತಿದ್ದಿರಬೇಕು. ನಾನು ಮಕ್ಕಳಿಗೆ ಈ ಕಥೆ ಹೇಳಲು ಕೂತಾಗಲೆಲ್ಲ ಅತ್ತೆ ಮಾದಿ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದರು. ಕೇಳಿ ಕೇಳಿ ಬೇಜಾರು ಬಂದಿರಬೇಕು ಅಂದುಕೊಂಡಿದ್ದೆ. ನಿನ್ನ ಭಾವನಿಗೆ ಇನ್ನೂ ಹೇಳಿಲ್ಲ, ಉಂಡಾದ ಮೇಲೆ ಹೇಳುತ್ತೇನೆ. ಮೇಲೆ ಬರೆದದ್ದನ್ನು ಹರಿಯಲಿಲ್ಲ, ನನ್ನನ್ನು ಕೇಳದೆ ಮೈಕಿನಲ್ಲಿ ಓದಿದ್ದಕ್ಕೆ ಆ ಬೈಗುಳ ನಿನಗೆ ಸಲ್ಲುತ್ತದೆ. ಆ ಸಾಲು ತೆಗೆಯಬೇಡ. ಅದರ ಹಿಂದಿನ ಸಾಲಿನಲ್ಲಿ ಗಣಪನ ಹೆಸರು ಬರೆ. ವಯಸ್ಸು ಹತ್ತೊಂಬತ್ತು. ಅವನ ಹೆಣವನ್ನು ಮಾವ ಅದೇ ದೋಣಿಯಲ್ಲಿ ತಂದಿದ್ದರು ಎಂದೂ ಬರೆ.