ನೆಕ್ಕಿ ಸೊಪ್ಪಿನ ಶಾಖ

ಫೆಬ್ರವರಿ ೨೧, ಸಂಜೆ

ಸ್ಪ್ರಿಂಕ್ಲರ್ ಬದಲಿಸಿ ಬಂದೆ. ಮೇಲಿನ ತೋಟಕ್ಕೆ ನೀರು ಸಾಲುವುದಿಲ್ಲ. ತಮ್ಮ ಬೆಳ್ಯಪ್ಪ ಮಂಗಳೂರಿನಿಂದ ಬಂದ. ತೊಡೆಯ ಕ್ಯಾನ್ಸರ್ ಗಡ್ಡೆಗೆ ರೇಡಿಯೇಷನ್ ಮುಗಿಯಿತು. ಮಾರ್ಚ್ ಕೊನೆಗೆ ಆಪರೇಷನ್. ಕಾಲು ಉಳಿಸಿ ಗಡ್ಡೆ ಮಾತ್ರ ತೆಗೆಯುತ್ತಾರಂತೆ.

ರೇಡಿಯೇಷನ್‌ಗೆ ಮೊದಲೇ ಬಾಳೆನಾರಿನಲ್ಲಿ ತೊಡೆ ಅಳೆದು ಗಂಟು ಹಾಕಿ ಇಟ್ಟಿದ್ದೆ. ಇವತ್ತು ಸುತ್ತಿ ನೋಡಿದರೆ ನಾರಿನ ತುದಿ ಗಂಟಿಗೆ ಮುಟ್ಟುವುದೇ ಇಲ್ಲ. ಗಡ್ಡೆ ದೊಡ್ಡದಾಗಿದೆ!

"ಸುಟ್ಟು ಸುಟ್ಟು ಬೆಳೆಸಿದ್ದಾರೆ" ಎಂದೆ.

ಅವನ ಮಗಳು ಭವಿತಾ ಬಾಯಿ ಹಾಕಿದಳು. "ಒಳಗೆ ಸತ್ತಿದ್ರೂ ಹೊರಗೆ ದೊಡ್ಡ ಕಾಣ್ತದಂತೆ ದೊಡ್ಡಪ್ಪ. ಸಿಪ್ಪೆ ಸುಲಿಯದೆ ಅಡಿಕೆ ಹೇಗುಂಟು ಅಂತ ಹೇಳ್ಲಿಕ್ಕೆ ಆಗ್ತದಾ?"

ನನಗೇ ಅಡಿಕೆ ಕಲಿಸಲು ಬರುತ್ತಾಳೆ. ಬೈದೆ.

ಮಾರ್ಚ್ ೧೧

ಭವಿತಾ ಸುಳ್ಯಕ್ಕೆ, ಶಾಲೆಗೆ ಹೋದ ಮೇಲೆ ಬೇಲಿಯ ನೆಕ್ಕಿ ಸೊಪ್ಪು ಕೆಂಡದ ಮೇಲೆ ಬಾಡಿಸಿ, ಬಟ್ಟೆಯಲ್ಲಿ ಕಟ್ಟಿ, ತಮ್ಮನ ತೊಡೆಗೆ ಶಾಖ ಕೊಟ್ಟೆ. ಎತ್ತಿನ ಹೆಗಲು ಬಾತರೆ ಅಪ್ಪ ಕೊಡುತ್ತಿದ್ದದ್ದೂ ಇದನ್ನೇ.

"ಬೇಡ ಅಣ್ಣ, ಬಿಸಿ ಇಡ್ಬೇಡಿ ಅಂದಿದ್ದಾರೆ ಡಾಕ್ಟ್ರು."

"ನಿನ್ನ ಅಣ್ಣ ಯಾರು, ಡಾಕ್ಟ್ರಾ ನಾನಾ?"

ಕಾಲು ಚಾಚಿದ. ಒತ್ತಿ ಒತ್ತಿ ಕೊಟ್ಟೆ.

ಮಾರ್ಚ್ ೧೩

ಗುಳ್ಳೆ ಎದ್ದು ಒಡೆದಿದೆ. ಬಟ್ಟೆ ತೆಗೆದರೆ ಚರ್ಮವೇ ಜೊತೆಗೆ ಬಂತು. ನನ್ನ ಹೆಂಡತಿ ದಮಯಂತಿ ನನ್ನ ಮುಖ ನೋಡಲಿಲ್ಲ.

ಮಾರ್ಚ್ ೧೬

ಮಂಗಳೂರಿಗೆ ಹೋಗಿ ಬಂದೆವು. ಡಾಕ್ಟರಮ್ಮ ಗಾಯ ನೋಡಿ ಕೇಳಿದರು — "ಇದು ಯಾರು ಮಾಡಿದ್ದು?"

ಬೆಳ್ಯಪ್ಪ ಹೇಳಿದ, "ನಾನೇ. ಬುದ್ಧಿ ಇಲ್ಲ ನನಗೆ."

ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಆಪರೇಷನ್ ಮುಂದೆ ಹೋಯಿತು. ಗಾಯ ಮಾಯಬೇಕು. ಮಾಯದಿದ್ದರೆ ಕಾಲು ಉಳಿಸುವುದು ಕಷ್ಟ. ತಡವಾಗಿ ಗಡ್ಡೆ ಪುನಃ ಎದ್ದರೆ... ಅದನ್ನು ಅವರು ಪೂರ್ತಿ ಹೇಳಲಿಲ್ಲ.

ಪುತ್ತೂರು ದಾಟುವವರೆಗೂ ಭವಿತಾ ಬಸ್ಸಿನಲ್ಲಿ ಅಪ್ಪನಿಗೆ ಬೈಯುತ್ತಲೇ ಇದ್ದಳು. ನಾನು ಕಿಟಕಿಯ ಹೊರಗೆ ನೋಡಿದೆ.

ಏಪ್ರಿಲ್ ೨೩

ಆಪರೇಷನ್ ಆಯಿತು. ಕಾಲು ಇದೆ. ಸುಟ್ಟ ಜಾಗ ಮುಚ್ಚಲು ಇನ್ನೊಂದು ತೊಡೆಯ ಚರ್ಮ ತೆಗೆದರು. ಈಗ ಎರಡೂ ಕಾಲು ನೋವು ಅವನಿಗೆ. ಎರಡನೆಯದು ನನ್ನ ಲೆಕ್ಕದ್ದು.

ಮೇ ೬

ರಿಪೋರ್ಟ್ ಬಂತು. ತೆಗೆದ ಗಡ್ಡೆ ಹೆಚ್ಚುಕಡಿಮೆ ಪೂರ್ತಿ ಸತ್ತಿತ್ತಂತೆ. ರೇಡಿಯೇಷನ್ ಚೆನ್ನಾಗಿಯೇ ಹಿಡಿದಿತ್ತು. ಒಳ್ಳೆಯ ಲಕ್ಷಣ, ಆದರೆ ಗೆದ್ದೆವು ಎನ್ನುವ ಹಾಗಿಲ್ಲ, ಆಗಾಗ ಎದೆಯ ಸ್ಕ್ಯಾನ್ ಮಾಡಿಸಬೇಕು ಎಂದರು.

ಸುಮ್ಮನೆ ಬಿಟ್ಟಿದ್ದರೆ ಸಾಕಿತ್ತು. ನಾನು ಕೈ ಹಾಕದಿದ್ದರೆ ಸಾಕಿತ್ತು.

ಸಂಜೆ ನೆರೆಮನೆಯ ಗಿರಿಧರ ನೋಡಲು ಬಂದ. "ಎಂತ ಬೆಳ್ಯಪ್ಪಣ್ಣ, ಸ್ವಂತ ಕಾಲನ್ನೇ ಬೇಯಿಸ್ಲಿಕ್ಕೆ ಹೊರಟದ್ದಂತೆ? ಉಪ್ಪು ಖಾರ ಹಾಕಿದ್ರಾ?"

ಎಲ್ಲರೂ ನಕ್ಕರು. ಬೆಳ್ಯಪ್ಪನೂ. ನಾನೂ ನಕ್ಕೆ. ಥೂ!

ಒಳಗೆ ದಮಯಂತಿ ಮೆಲ್ಲ ಹೇಳಿದಳು, "ಊರಿಗೆಲ್ಲ ಬಯ್ಲಿಕ್ಕೆ ಬಾಯಿ ಉಂಟು ನಿಮಗೆ. ಇದಕ್ಕೆ ಮಾತ್ರ ಇಲ್ವಾ?"

ಅವಳ ಮೇಲೂ ರೇಗಿದೆ.

ಮೇ ೭, ಬೆಳಿಗ್ಗೆ

ಭವಿತಾಳಿಗೆ ನಿಜ ಹೇಗೆ ಹೇಳುವುದೆಂದು ಬರೆದು ನೋಡಲು ಕೂತೆ. ಬರೆದರೆ ಹೇಳಿಯಾಯಿತು ಎನಿಸಿಬಿಡುತ್ತದೆ. ಮತ್ತೆ ಹೇಳುವವನಲ್ಲ ನಾನು.

ಚಾವಡಿಯಲ್ಲಿ ಭವಿತಾ ಡ್ರೆಸ್ಸಿಂಗ್ ಬಿಚ್ಚುತ್ತಿದ್ದಾಳೆ. ಪುನಃ ಶುರು — "ಬುದ್ಧಿ ಇದ್ದವರು ಯಾರಾದ್ರೂ ಮಾಡ್ತಾರಾ ಅಪ್ಪ ಹೀಗೆ?"

"ಆಯ್ತು ಮಾರಾಯ್ತಿ, ಇನ್ನು ಮಾಡುದಿಲ್ಲ."

ನೋವಿನಲ್ಲೂ ನನ್ನನ್ನು ಬಿಟ್ಟುಕೊಡುವುದಿಲ್ಲ ಇವನು.

ಇಲ್ಲ. ಈಗಲೇ. ಅವಳ ಎದುರೇ ಹೋಗಿ ಹೇಳುತ್ತೇನೆ —