ಕಾವಲುಗಾತಿ ಮತ್ತು ಸುಂಟರಗಾಳಿಯ ತೀರ್ಪು

ಬಳ್ಳಾರಿ, ಗುಡ್ಡದ ಬುಡ, ಕೆಳಮನೆ.
ಹೊಸ ಎಣಿಕೆಯ ನೂರಾ ಹನ್ನೆರಡನೇ ವರ್ಷ, ಎರಡನೇ ಬೇಸಗೆ. ನಿಮ್ಮ ಕಾಲಕ್ಕೆ ಇನ್ನೂರು ವರ್ಷ ಕೂಡಿಸಿಕೊಳ್ಳಿ.

ಹಿಂದಿನ ಕಾಲದವರೇ,

ತಾರೀಕು ನೋಡಿ ನಗಬೇಡಿ. ನಮಗೆ ವರ್ಷಕ್ಕೆ ಎರಡು ಬೇಸಗೆ, ಅದಕ್ಕೆ ಹಾಗೆ ಬರೆಯುತ್ತೇವೆ. ನಮ್ಮಲ್ಲಿ ಹಿಂದಂಚೆ ಅಂತ ಒಂದಿದೆ. ವಯಸ್ಸಾದವರು ಹಿಂದಿನ ಕಾಲಕ್ಕೆ ಒಂದೇ ಒಂದು ಕಾಗದ ಕಳಿಸಬಹುದು. ಹೆಚ್ಚಿನವರು ಮುತ್ತಜ್ಜಿಯ ಕ್ಷೇಮ ವಿಚಾರಿಸಿ ಅದನ್ನು ದಂಡ ಮಾಡುತ್ತಾರೆ. ನನಗೆ ಹೊಟ್ಟೆ ಉರಿದಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಸುಂಕಮ್ಮ, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ನನ್ನ ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಮನ್ನಿಸಬೇಕು. ಮನ್ನಿಸಲು ಆಗದಿದ್ದರೆ ಎರಡು ಸಲ ಓದಿಕೊಳ್ಳಿ.

ನಿಮ್ಮ ಕಾಲದಲ್ಲಿ ಹುಡುಗರು ಅಂಗಡಿಯಿಂದ ಪೊಟ್ಟಣ ತಂದು, ಒಳಗಿನ ಚಿತ್ರದ ಕಾರ್ಡುಗಳನ್ನು ಕೂಡಿಹಾಕಿ, ಒಬ್ಬರದನ್ನು ಒಬ್ಬರು ಬದಲಾಯಿಸಿಕೊಂಡು ಆಡುತ್ತಿದ್ದರಂತೆ. ಆ ಕಾರ್ಡುಗಳು ಇನ್ನೂ ನಮ್ಮ ಹತ್ತಿರ ಇವೆ. ನಾವು ಎಲೆ ಅನ್ನುತ್ತೇವೆ. ಒಬ್ಬೊಬ್ಬರ ಎಲೆಗಳ ಗಂಟಿಗೆ ಕಟ್ಟು ಅನ್ನುತ್ತೇವೆ, ಎಲೆ ಇಡುವ ಬಟ್ಟೆಗೆ ಹಾಸು. ಒಂದೊಂದು ಎಲೆಯ ಮೇಲೂ ಅದು ಏನು ಮಾಡುತ್ತದೆ ಅಂತ ಬರೆದಿದೆ. ಬರೆದದ್ದೇ ಕಾನೂನು. ನೀವು ಮೋಜಿಗೆ ಆಡಿದಿರಿ. ನಾವು ನೆರಳಿಗೆ ಆಡುತ್ತೇವೆ. ಊರಿಗೆಲ್ಲ ಇರುವುದು ಒಂದೇ ನೆರಳುಬಟ್ಟೆ. ಅದು ಒಂದು ಓಣಿಯ ಉದ್ದಕ್ಕೆ ಸರಿಯಾಗಿ ಬರುತ್ತದೆ. ಬೇಸಗೆಗೊಂದು ಪಂದ್ಯ, ಗೆದ್ದ ಓಣಿಗೆ ಬಟ್ಟೆ. ಅಂಥ ನೂಲು ನೇಯುವವರು ಈಗ ಯಾರೂ ಉಳಿದಿಲ್ಲ. ಅದು ಕಟ್ಟಿದ ಓಣಿಯಲ್ಲಿ ಬಾಗಿಲು ತೆಗೆದಿಟ್ಟು ಅಡುಗೆ ಮಾಡಬಹುದು, ಕಟ್ಟೆಯ ಮೇಲೆ ಕೂತು ಬೇಳೆ ಹಸನು ಮಾಡಬಹುದು, ಮಕ್ಕಳು ಬರಿಗಾಲಲ್ಲಿ ಓಡಬಹುದು. ಕಟ್ಟದ ಓಣಿಯವರು ಬೇಸಗೆ ಮುಗಿಯುವವರೆಗೆ ಕೆಳಮನೆಗೆ ಇಳಿಯಬೇಕು. ಕೆಳಮನೆ ಅಂದರೆ ನೀವು ದೊಡ್ಡ ಕಟ್ಟಡಗಳ ಕೆಳಗೆ ಕಾರು ನಿಲ್ಲಿಸಲು ಮಾಡಿಟ್ಟ ಜಾಗ. ಕಂಬಗಳ ಮೇಲೆ ನೀವು ಬರೆದ ಅಂಕಿಗಳು ಇನ್ನೂ ಕಾಣುತ್ತವೆ, ಅವೇ ನಮ್ಮ ಮನೆ ನಂಬರು. ತಂಪು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಗೋಡೆ ಜಿನುಗುತ್ತದೆ, ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ, ಗಾಳಿ ಆಡುವುದಿಲ್ಲ. ನನ್ನ ತಂಗಿ ಈರಮ್ಮನಿಗೆ ಉಬ್ಬಸ. ಹೋದ ಬೇಸಗೆಯಲ್ಲಿ ಇಲ್ಲಿ ಅವಳ ತುಟಿ ನೀಲಿಗಟ್ಟಿತ್ತು. ಇನ್ನೊಂದು ಸಲ ಕೆಳಗಿಳಿದರೆ ಮೇಲೆ ಹತ್ತುವ ಮಾತಿಲ್ಲ ಎಂದು ಔಷಧದವಳು ಹೇಳಿದ್ದಳು. ಆಗ ನನ್ನ ಗೆಳತಿ ಹುಲಿಗೆಮ್ಮ ದಿನಾ ಇಳಿದು ಬಂದು ಅವಳ ಬೆನ್ನು ನೀವಿದ್ದಳು. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

ಹುಲಿಗೆಮ್ಮ ಎದುರು ಓಣಿಯವಳು, ಅವರ ಓಣಿಯ ಪರವಾಗಿ ಆಡುವವಳೂ ಅವಳೇ. ನಾನು ಎರಡೂ ಓಣಿಗೆ ತೀರ್ಪು ಹೇಳುವವಳು. ಎಲೆ ಬರೆದ ನಿಮ್ಮವರು ಒಂದು ಎಲೆ ಬರೆಯುವಾಗ ಇನ್ನೊಂದನ್ನು ನೋಡುತ್ತಿರಲಿಲ್ಲ ಅಂತ ಕಾಣುತ್ತದೆ. ಎರಡು ಎಲೆ ಡಿಕ್ಕಿ ಹೊಡೆದರೆ ಯಾವುದು ನಡೆಯಬೇಕು ಅಂತ ಯಾರಾದರೂ ಹೇಳಬೇಕಲ್ಲ, ಆ ಕೆಲಸ ನನ್ನದು. ನಮ್ಮ ಪದ್ಧತಿ ಹೀಗಿದೆ: ನಾನು ಇಬ್ಬರು ಸಾಕ್ಷಿಗಳ ಮುಂದೆ ಒಮ್ಮೆ ಹೇಳಿದರೆ ಅದು ಊರಿನ ಎಲ್ಲ ಹಾಸಿಗೂ ಕಾನೂನು. ಮನೆಯಾಟದಲ್ಲಿ ಹೇಳಿದರೂ ಅಷ್ಟೇ. ಇನ್ನೊಂದು ಕಟ್ಟಳೆ ಏನೆಂದರೆ, ತೀರ್ಪು ಹೇಳುವವಳು ತನ್ನ ಓಣಿಯ ಆಟಗಾರನ ಹತ್ತಿರ ಆಟದ ಸುದ್ದಿ ಎತ್ತಬಾರದು. ನಾನು ಎತ್ತಿದವಳಲ್ಲ. ಎಲ್ಲ ತೀರ್ಪೂ ಹೇಗೂ ಬಾಯಿಂದ ಬಾಯಿಗೆ ಹರಡುತ್ತದೆ, ಗೆದ್ದವರು ಬಡಾಯಿ ಕೊಚ್ಚಿಕೊಳ್ಳುತ್ತಾರಲ್ಲ.

ಪಂದ್ಯಕ್ಕೆ ಸ್ವಲ್ಪ ದಿನ ಮುಂಚೆ ಹುಲಿಗೆಮ್ಮ ನಮ್ಮ ಕಟ್ಟೆಗೆ ಬಂದಳು, ಸುಮ್ಮನೆ ಒಂದಾಟ ಆಡೋಣ ಅಂದಳು. ಅವಳ ಓಣಿಯ ಇಬ್ಬರು ಹೆಂಗಸರು ಮಂಡಕ್ಕಿ ಹಿಡಿದುಕೊಂಡು ಜೊತೆಗೆ ಬಂದು ಕೂತರು. ಆಟದ ನಡುವೆ ನಾನು ಸುಂಟರಗಾಳಿ ಎಲೆ ಹಾಕಿದೆ. ಅದರ ಮೇಲೆ ಬರೆದದ್ದು: ಹಾಸಿನ ಮೇಲಿನ ಎಲ್ಲ ಎಲೆಗಳನ್ನು ಒಟ್ಟಿಗೆ ಎತ್ತು. ಅವಳ ಕಡೆ ಕಾವಲುಗಾತಿ ಎಲೆ ಇತ್ತು. ಅದರ ಮೇಲೆ ಬರೆದದ್ದು: ಇವಳು ಹಾಸಿನ ಮೇಲೆ ಇರುವವರೆಗೆ ನಿನ್ನ ಬೇರೆ ಎಲೆಗಳನ್ನು ಯಾರೂ ಎತ್ತುವಂತಿಲ್ಲ. ಈಗ ಹೇಳಿ, ಗಾಳಿ ಬೀಸಿದಾಗ ಕಾವಲುಗಾತಿಯೂ ಹೋಗುತ್ತಾಳೆ, ಮತ್ತೆ ಉಳಿದವರ ಗತಿ ಏನು? ನೀನೇ ಹೇಳು ಎಂದು ಹುಲಿಗೆಮ್ಮ ನಕ್ಕಳು. ಎಲ್ಲ ಹೋಗುತ್ತವೆ ಅಂದಿದ್ದರೆ ಆ ಆಟ ನಾನೇ ಗೆಲ್ಲುತ್ತಿದ್ದೆ. ಆದರೆ ಒಟ್ಟಿಗೆ ಎತ್ತು ಎಂದು ಬರೆದಿದೆ, ಅವಳನ್ನು ಮೊದಲು ಎತ್ತು ಅಂತ ಬರೆದಿಲ್ಲ. ಎತ್ತಲು ಕೈ ಹಾಕಿದ ಗಳಿಗೆಯಲ್ಲಿ ಅವಳು ಹಾಸಿನ ಮೇಲೇ ಇದ್ದಾಳೆ. ಹಾಗಾಗಿ ಅವಳೊಬ್ಬಳೇ ಹೋಗುತ್ತಾಳೆ, ಅವಳು ಕಾದವರು ಉಳಿಯುತ್ತಾರೆ. ನನ್ನ ವಿರುದ್ಧವೇ ಹಾಗೆ ಹೇಳಿ ಆಟ ಸೋತೆ. ನಿನ್ನಂಥವಳು ಇನ್ನೊಬ್ಬಳಿಲ್ಲ ಎಂದು ಅವಳು ನನ್ನ ಗಲ್ಲ ಹಿಡಿದಳು. ನಾನು ಹಿಗ್ಗಿದೆ. ಆಮೇಲೆ ಈ ತೀರ್ಪಿನ ಸುದ್ದಿ ಎಲ್ಲೂ ಕಿವಿಗೆ ಬೀಳಲಿಲ್ಲ. ಸಣ್ಣ ಆಟ, ಯಾರು ಮಾತಾಡುತ್ತಾರೆ ಅಂದುಕೊಂಡೆ.

ಪಂದ್ಯದ ದಿನ ನಮ್ಮ ಓಣಿಯ ಪರವಾಗಿ ಗಾದಿಲಿಂಗ ಕೂತಿದ್ದ. ತಗಡು ಬಡಿಯುವ ಕೆಲಸದವನು, ಮಾತು ಕಡಿಮೆ, ಆಟದಲ್ಲಿ ಗಟ್ಟಿಗ. ಅವನ ಕಟ್ಟಿನ ಜೀವವೇ ಸುಂಟರಗಾಳಿ. ಹುಲಿಗೆಮ್ಮ ತನ್ನ ಕಡೆ ಎಲೆ ತುಂಬಿಸಲಿ ಎಂದು ಕಾದ, ಸೋಲುವವನ ಹಾಗೆ ಬೆವರಿದ, ಕೊನೆಗೆ ಗಾಳಿ ಬಿಟ್ಟ. ನಮ್ಮವರು ಶಿಳ್ಳೆ ಹೊಡೆದರು. ಹುಲಿಗೆಮ್ಮ ಮೆಲ್ಲಗೆ ಕಾವಲುಗಾತಿಯನ್ನು ಮಾತ್ರ ಎತ್ತಿ ಪಕ್ಕಕ್ಕಿಟ್ಟಳು. ಉಳಿದ ಎಲೆಗಳನ್ನು ಮುಟ್ಟಲಿಲ್ಲ. ಅವನ್ನೂ ಎತ್ತು ಎಂದು ಗಾದಿಲಿಂಗ ರೇಗಿದ. ಅವಳು ಅವನ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

"ತೀರ್ಪು ಆಗೇತಿ. ಬೇಕಂದ್ರ ಸುಂಕಮ್ಮನ್ನ ಕೇಳ್ರಿ."

ಮಂಡಕ್ಕಿ ತಂದಿದ್ದ ಇಬ್ಬರೂ ಆಗಲೇ ಎದ್ದು ನಿಂತಿದ್ದರು. ಆಗ ನನಗೆ ತಿಳಿಯಿತು. ಕಟ್ಟೆಯ ಮೇಲಿನ ಆಟ ಆಟವಾಗಿರಲಿಲ್ಲ. ಅವಳು ನನ್ನ ಬಾಯಿಂದ ಒಂದು ಮಾತು ತೆಗೆಸಿಕೊಂಡು ಹೋಗಲು ಬಂದಿದ್ದಳು, ಆಮೇಲೆ ಅದು ಗಾದಿಲಿಂಗನ ಕಿವಿಗೆ ಬೀಳದ ಹಾಗೆ ಮುಚ್ಚಿಟ್ಟಿದ್ದಳು. ನಾನು ಅವಳ ಕಡೆ ವಾಲುತ್ತೇನೆ ಎಂದು ನಂಬಿ ಬಂದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಾನು ಯಾರ ಕಡೆಗೂ ವಾಲುವುದಿಲ್ಲ ಎಂದು ಗೊತ್ತಿದ್ದೇ ಬಂದಿದ್ದಳು. ಗಾದಿಲಿಂಗ ನನ್ನನ್ನೇ ನೋಡುತ್ತಿದ್ದ. ಅವನ ಹಿಂದೆ ಈರಮ್ಮ, ಬಾಯಿಗೆ ಸೆರಗು ಒತ್ತಿಕೊಂಡು. ನೆನಪಿಲ್ಲ ಅಂದರೆ ಮುಗಿಯುತ್ತಿತ್ತು. ಮುದುಕಿ, ಮರೆತಳು ಅನ್ನುತ್ತಿದ್ದರು. ಆ ಇಬ್ಬರು ಸಾಕ್ಷಿಗಳು ಅವಳ ಓಣಿಯವರೇ ಅಲ್ಲವಾ ಎಂದು ನಮ್ಮವರು ಗದ್ದಲ ಎಬ್ಬಿಸುತ್ತಿದ್ದರು.

"ಹೌದು," ಅಂದೆ. "ನಾನೇ ಹೇಳೀನಿ. ಅವಳ ಎಲೆ ಉಳೀತಾವ."

ನೆರಳು ಎದುರು ಓಣಿಗೆ ಹೋಯಿತು. ನಮ್ಮ ಓಣಿಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಗೆಳತಿಗೆ ನೆರಳು ದಾನ ಮಾಡಿ ಬಂದವಳು ಅಂತ ನೀರಿನ ಸಾಲಿನಲ್ಲಿ ನನಗೆ ಕೇಳುವ ಹಾಗೇ ಹೇಳುತ್ತಾರೆ. ತೀರ್ಪು ತಿರುಗಿಸು ಎಂದು ಕೇಳಲು ಬಂದವರನ್ನು ನಾನೇ ಬೈದು ಕಳಿಸಿದೆ. ತಿರುಗಿಸಲು ಅದರಲ್ಲಿ ತಪ್ಪು ಇರಬೇಕಲ್ಲ. ದಿನಾ ಮಲಗಿಕೊಂಡು ಆ ಎರಡು ಎಲೆಗಳನ್ನು ಮನಸ್ಸಿನಲ್ಲೇ ಹಾಸುತ್ತೇನೆ, ಹೇಗೆ ತಿರುಗಿಸಿದರೂ ಅದೇ ಬರುತ್ತದೆ.

ಓಣಿಯವರು ಕೆಳಗಿಳಿಯುವ ದಿನ ಹುಲಿಗೆಮ್ಮ ಬಂದಳು. ಈರಮ್ಮನನ್ನು ತನ್ನ ಮನೆಗೆ ಕಳಿಸು, ನೀನೂ ಬಾ ಅಂದಳು. ನಾನು ಬಾಯಿಗೆ ಬಂದ ಹಾಗೆ ಬೈದೆ, ಇಲ್ಲಿ ಬರೆಯುವಂಥದ್ದಲ್ಲ. ನಿಂತು ಕೇಳಿಸಿಕೊಂಡಳು. ಆಮೇಲೆ ಅಂದಳು: "ನನ್ನ ಓಣ್ಯಾಗೂ ಉಸಿರಾಡೋರು ಅದಾರ, ಸುಂಕಿ." ಅವಳ ಮೊಮ್ಮಗಳು ದಿನ ತುಂಬಿದ ಬಸುರಿ. ಅದು ನನಗೂ ಗೊತ್ತಿತ್ತು. ಸಿಟ್ಟನ್ನು ನುಂಗಿಕೊಂಡು ಈರಮ್ಮನನ್ನು ಕರೆದುಕೊಂಡು ಹೋದೆ. ಸಿಟ್ಟಿಗಾಗಿ ತಂಗಿಯನ್ನು ಕೊಲ್ಲುವಷ್ಟು ದಡ್ಡಿ ನಾನಲ್ಲ. ಬಾಗಿಲಿನಿಂದಲೇ ಕಂಡಿತು: ಕಿಟಕಿಯ ಪಕ್ಕ, ಗಾಳಿ ಬರುವ ಕಡೆ, ಹೊಸ ಮಂಚ. ಈರಮ್ಮನ ಕಾಲು ಗಿಡ್ಡ ಅಂತ ಮಂಚವನ್ನೂ ತಗ್ಗಿಸಿ ಮಾಡಿಸಿದ್ದಳು. ಯಾವಾಗ ಮಾಡಿಸಿದೆ ಎಂದು ಕೇಳಿದೆ.

"ನಿನ್ ಕಟ್ಟಿ ಮ್ಯಾಗ ಆಡಾಕ ಬರೋಕಿಂತ ಮದ್ಲ," ಅಂದಳು.

ನಾನು ಹೊಸ್ತಿಲು ದಾಟಲಿಲ್ಲ. ಈರಮ್ಮನನ್ನು ಒಳಗೆ ಬಿಟ್ಟು ಹಾಗೇ ಕೆಳಮನೆಗೆ ಇಳಿದು ಬಂದೆ. ಅವಳು ಕೇಡಿಯೇ ಆಗಿದ್ದರೆ ದ್ವೇಷಿಸಿ ಹಗುರಾಗುತ್ತಿದ್ದೆ. ನನ್ನ ತಂಗಿಗೆ ಮಂಚ ಮಾಡಿಸಿಟ್ಟು, ಆಮೇಲೆ ನನಗೆ ಮೋಸ ಮಾಡಲು ಬಂದವಳನ್ನು ಏನು ಮಾಡಬೇಕೋ ನನಗೆ ತಿಳಿಯದು. ಪಂದ್ಯಕ್ಕೆ ಬೇಕು ಅಂತ ಹೇಳಿಯೇ ನನ್ನನ್ನು ಕೇಳಬಹುದಿತ್ತಲ್ಲ.

ನಿಮ್ಮಿಂದ ಎರಡು ಕೆಲಸ ಆಗಬೇಕು. ನಿಮ್ಮಲ್ಲಿ ಎಲೆ ಬರೆಯುವವರು ಯಾರಾದರೂ ಇದ್ದರೆ, ಹೊಸದನ್ನು ಬರೆಯುವ ಮುಂಚೆ ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿ. ನೀವು ಬಿಟ್ಟ ಸಂದಿಯಲ್ಲಿ ನಾವು ಸಿಕ್ಕಿಹಾಕಿಕೊಳ್ಳುತ್ತೇವೆ. ಇನ್ನು ನಿಮ್ಮಲ್ಲಿ ತೀರ್ಪು ಹೇಳುವವರಿದ್ದರೆ, ಬೇಕಾದವರು ಬಂದು ನಗುತ್ತಾ ಪ್ರಶ್ನೆ ಕೇಳಿದಾಗ, ಯಾಕೆ ಕೇಳುತ್ತೀ ಎಂದು ಮೊದಲು ಕೇಳಿ. ಆಮೇಲೆ ಸರಿಯಾದ ಉತ್ತರವನ್ನೇ ಹೇಳಿ. ಸುಳ್ಳು ಹೇಳಿ ಅಂತ ನಾನು ಹೇಳುತ್ತಿಲ್ಲ.

ಈರಮ್ಮನ ಉಸಿರಾಟ ಸುಧಾರಿಸಿದೆಯಂತೆ, ಹೇಳಿ ಕಳಿಸಿದ್ದಾಳೆ. ನಾಳೆ ನೋಡಲು ಹತ್ತಿ ಹೋಗುತ್ತೇನೆ, ಕಿಟಕಿಯ ಹೊರಗೆ ನಿಂತು ಮಾತಾಡಿಸಿ ಬರುತ್ತೇನೆ. ಹುಲಿಗೆಮ್ಮ ಹೊರಗೆ ಬಂದು ಎಲೆಯ ವಿಷಯ ಏನಾದರೂ ಕೇಳಿದರೆ ತೀರ್ಪು ಹೇಳುತ್ತೇನೆ, ಅದು ನನ್ನ ಕೆಲಸ. ಅವಳ ಎದುರು ಹಾಸು ಬಿಚ್ಚಿ ಕೂರುವುದು ಮಾತ್ರ ಇನ್ನಿಲ್ಲ.

ಇಂತಿ,
ಸುಂಕಮ್ಮ